ಒಳಾಂಗಣ ವಿನ್ಯಾಸದ ಹೊಸ ಗಾಳಿ: ಭೀಮಾ ತೀರದ ಬಡಿಗನಿಗೆ ಪಾಲೆಷ್ಟು?

ಅಫಜಲಪುರ: ಮನೆ ಕಟ್ಟಿಸುವವರು ಬಡಿಗನನ್ನು ಕರೆಸಿ ಕಟ್ಟಿಗೆ ಆರಿಸಿ, ಬಾಗಿಲು, ಕಿಟಕಿ, ಪಲ್ಲಂಗಗಳ ಅಳತೆ ಕೊಡುತ್ತಿದ್ದ ಕಾಲವೊಂದಿತ್ತು. ಈಗ ಬಡಿಗನ ಮುಂದೆ ಹಿಡಿಯಲಾಗುತ್ತಿರುವುದು ಮೊಬೈಲ್ ಪರದೆಯ ಮೇಲಿನ ಚಿತ್ರ. ಚಿತ್ರದಲ್ಲಿರುವಂತೆಯೇ ಆಗಬೇಕೆಂಬುದು ಮನೆಯೊಡೆಯನ ಬೇಡಿಕೆ. ಜಿಪ್ಸಂ ಛಾವಣಿ, ಮಾಡ್ಯುಲರ್ ಅಡುಗೆಮನೆ, ಗೋಡೆಗೆ ಅಂಟಿದ ಕಪಾಟು ಇವು ಮಹಾನಗರಗಳ ಸಿರಿವಂತರ ಸೊತ್ತಾಗಿ ಉಳಿದಿಲ್ಲ. ತಾಲೂಕು ಕೇಂದ್ರಗಳ ಹೊಸ ಬಡಾವಣೆಗಳಿಗೂ ಬಂದಿವೆ.

ಅಂದದ ಮನೆಯ ಆಸೆ ತಪ್ಪಲ್ಲ. ಆದರೆ ಆ ಹಣ ಎಲ್ಲಿಗೆ ಹರಿಯುತ್ತಿದೆ? ಕೊಂಡ ಸಾಮಾನು ಈ ನೆಲದ ಬಿಸಿಲಿಗೆ, ನದಿಯ ನೀರಿಗೆ ತಾಳೀತೇ? ಈ ಎರಡು ಪ್ರಶ್ನೆಗಳನ್ನು ಯಾರೂ ಕೇಳುತ್ತಿಲ್ಲವೆಂಬುದೇ ಕಳವಳಕ್ಕೆ ಕಾರಣ.

ಸಾಮಾನು ಬರುವ ದಾರಿ

ಒಳಾಂಗಣ ವಿನ್ಯಾಸಕರು ಪೀಠೋಪಕರಣ ತರಿಸುವ ದಾರಿಗಳು ಮುಖ್ಯವಾಗಿ ಮೂರು. ಒಂದು, ಕಾರ್ಖಾನೆಯಲ್ಲಿ ಸಿದ್ಧವಾದ ಮಾಲು. ಸ್ವೀಡನ್ ಮೂಲದ ಐಕಿಯಾ ದೇಶದಲ್ಲಿ ತನ್ನ ಮೊದಲ ಮಳಿಗೆಯನ್ನು 2018ರ ಆಗಸ್ಟ್‌ನಲ್ಲಿ ತೆರೆದದ್ದು ಹೈದರಾಬಾದಿನಲ್ಲಿ. ಬೆಂಗಳೂರಿನ ನಾಗಸಂದ್ರಕ್ಕೆ ಅದು ಬಂದದ್ದು 2022ರ ಜೂನ್‌ನಲ್ಲಿ. ಕಲಬುರಗಿ ಭಾಗದವರಿಗೆ ರಾಜಧಾನಿಗಿಂತ ಹೈದರಾಬಾದೇ ಹತ್ತಿರ. ಎರಡು, ಮರ ಮತ್ತು ಪ್ಲೈವುಡ್ ಕೊಂಡು ಗುತ್ತಿಗೆ ಬಡಿಗರಿಂದ ಸ್ಥಳದಲ್ಲೇ ಮಾಡಿಸುವುದು. ಮೂರು, ಹಳೆಯ ಸಾಮಾನಿನ ವ್ಯಾಪಾರಿಗಳಿಂದ ಕಂಬ, ಬಾಗಿಲು, ಪೆಟ್ಟಿಗೆಗಳನ್ನು ಖರೀದಿಸುವುದು.

ವಿನ್ಯಾಸಕರ ಆದಾಯ ಶುಲ್ಕದಿಂದಷ್ಟೇ ಬರಬೇಕೆಂದಿಲ್ಲ. ಅಂಗಡಿಯವರು ಅವರಿಗೆ ನೀಡುವ ರಿಯಾಯಿತಿಯೂ ಈ ವೃತ್ತಿಯಲ್ಲಿ ರೂಢಿಯಲ್ಲಿದೆ. ಆ ರಿಯಾಯಿತಿ ಗ್ರಾಹಕನಿಗೆ ಸಲ್ಲುವುದೋ, ವಿನ್ಯಾಸಕರಲ್ಲೇ ಉಳಿಯುವುದೋ ಎಂಬುದನ್ನು ಕರಾರಿನಲ್ಲೇ ಬರೆಯಿಸಿಕೊಳ್ಳುವುದು ಒಳಿತು. ವಾಸ್ತುಶಿಲ್ಪಿ ಎಂಬ ಹೆಸರಿಗೆ 1972ರ ಕಾಯ್ದೆಯ ರಕ್ಷಣೆಯುಂಟು, ನೋಂದಣಿಯಿಲ್ಲದೆ ಅದನ್ನು ಬಳಸುವಂತಿಲ್ಲ. ಒಳಾಂಗಣ ವಿನ್ಯಾಸಕರಿಗೆ ಅಂಥ ನಿರ್ಬಂಧವಿಲ್ಲ. ಫಲಕ ಹಾಕಿದವರೆಲ್ಲ ವಿನ್ಯಾಸಕರೇ.

ವಾಡೆಯ ಬಾಗಿಲು ಹೋಗುವುದೆಲ್ಲಿಗೆ?

ಮೂರನೆಯ ದಾರಿಯ ಒಂದು ತುದಿ ನಮ್ಮ ಹಳ್ಳಿಗಳಲ್ಲಿದೆ. ಹಳೆಯ ವಾಡೆ ಕೆಡವಿದಾಗ ಸಾಗವಾನಿ ತೊಲೆ, ಕುಸುರಿಯ ಚೌಕಟ್ಟು, ಹಿತ್ತಾಳೆ ಮೊಳೆಯ ಕದಗಳು ಕಟ್ಟಿಗೆಯ ತೂಕಕ್ಕೆ ಬಿಕರಿಯಾಗುತ್ತವೆ. ಅಂಥವೇ ಕದಗಳು ಪಾಲಿಶ್ ಪಡೆದು ನಗರದ ಹೋಟೆಲು, ಬಂಗಲೆಗಳಲ್ಲಿ ‘ಪಾರಂಪರಿಕ ಶೈಲಿ’ಯ ಹೆಸರಿನಲ್ಲಿ ಹಲವು ಪಟ್ಟು ಬೆಲೆಗೆ ನಿಲ್ಲುತ್ತವೆ. ಅತ್ತ ವಾಡೆಯ ಜಾಗದಲ್ಲಿ ಎದ್ದ ಹೊಸ ಮನೆಗೆ ಸಿದ್ಧ ಫ್ಲಶ್ ಬಾಗಿಲು ಬರುತ್ತದೆ!

ಮಾರುವವರು ಅರಿಯಬೇಕಾದ ಮಾತೊಂದಿದೆ. 1972ರ ಪ್ರಾಚ್ಯವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಹಾಗೂ ಕರಕುಶಲ ಕೃತಿಗಳು ಪ್ರಾಚ್ಯವಸ್ತುಗಳ ವ್ಯಾಪ್ತಿಗೆ ಬರುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವುಗಳನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ.

ನೆಲಹಾಸಿನ ಕಥೆಯೂ ಭಿನ್ನವಲ್ಲ. ನಮ್ಮ ಜಿಲ್ಲೆಯ ಶಹಾಬಾದ್ ಕಲ್ಲನ್ನು ನೆರೆಯ ಮಹಾರಾಷ್ಟ್ರದಲ್ಲಿ ‘ಶಹಾಬಾದಿ ಫರಶಿ’ ಎಂದು ಊರಿನ ಹೆಸರಿನಿಂದಲೇ ಕರೆಯುತ್ತಾರೆ. ನೈಸರ್ಗಿಕ ಕಲ್ಲಿನ ನೆಲಹಾಸಿಗೆ ನಗರದ ವಿನ್ಯಾಸಕರು ಮತ್ತೆ ಒಲಿಯುತ್ತಿರುವಾಗ, ಕಲ್ಲಿನ ತವರಿನಲ್ಲಿ ಹೊಳಪಿನ ಟೈಲ್ಸ್‌ಗೆ ಮೊದಲ ಮಣೆ. ಇದಕ್ಕಿಂತ ವಿಪರ್ಯಾಸ ಬೇಕೆ?

ಭೀಮೆ ಕಲಿಸಿದ ಪಾಠ

ಫ್ಯಾಷನ್ನಿನ ನಿಜವಾದ ಪರೀಕ್ಷೆ ನಡೆಯುವುದು ಪ್ರವಾಹದಲ್ಲಿ. 2009 ಮತ್ತು 2020ರ ಅಕ್ಟೋಬರ್ ತಿಂಗಳುಗಳಲ್ಲಿ, ಬಳಿಕ 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ನದಿ ಉಕ್ಕಿದಾಗ ತೀರದ ಗ್ರಾಮಗಳು ನಲುಗಿದವು. ಮರದ ಪುಡಿ, ಚಕ್ಕೆಗಳನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಮತ್ತು ಎಂಡಿಎಫ್ ಹಲಗೆಗಳು ನೀರು ಕುಡಿದರೆ ಉಬ್ಬಿ ಬಿರಿಯುತ್ತವೆ. ತಿರುಪು ಹಿಡಿಯುವುದಿಲ್ಲ, ದುರಸ್ತಿಯೂ ಕಷ್ಟ. ಸಾಗವಾನಿಯ ಪೆಟ್ಟಿಗೆಯಾದರೋ ನೆರಳಿನಲ್ಲಿ ಒಣಗಿ, ಕೀಸುಳಿ ತಾಗಿದರೆ ಮತ್ತೆ ಬಳಕೆಗೆ ಬಂದೀತು.

ಎಲ್ಲರಿಗೂ ಸಾಗವಾನಿ ಎಟುಕದು ನಿಜ. ಹಾಗಿದ್ದಲ್ಲಿ ಪ್ಲೈವುಡ್ ಮೇಲಿನ ಐಎಸ್‌ಐ ಗುರುತನ್ನಾದರೂ ಓದಬೇಕು. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್. ಅದರಲ್ಲಿ ಎಂಆರ್ ದರ್ಜೆಯದು ಒದ್ದೆ ಜಾಗಕ್ಕೆ ಸಲ್ಲದು. ಐಎಸ್ 710 ಎಂಬುದು ಮರೀನ್ ಪ್ಲೈವುಡ್. ಅದರ ಅಂಟು 72 ತಾಸು ಕುದಿಯುವ ನೀರಿನ ಪರೀಕ್ಷೆ ಗೆಲ್ಲಬೇಕು. ಮೇಲಿನ ಲ್ಯಾಮಿನೇಟ್ ನೋಡಿ ಒಳಗಿನ ಹಲಗೆಯನ್ನು ಅಳೆಯಲಾಗದು. ಆದ್ದರಿಂದ ದರ್ಜೆಯನ್ನು ಬಿಲ್ಲಿನಲ್ಲಿ ನಮೂದಿಸುವಂತೆ ಕೇಳುವುದು ಗ್ರಾಹಕನ ಹಕ್ಕು.

ಆಗಬೇಕಾದುದೇನು?

ಕೂರಿಗೆ, ಕುಂಟೆ, ಬಂಡಿ ಮಾಡಿಕೊಟ್ಟು ಸುಗ್ಗಿಯಲ್ಲಿ ಆಯ ಪಡೆಯುತ್ತಿದ್ದ ಬಡಿಗನ ಮೊದಲ ಕಸುಬನ್ನು ಟ್ರ್ಯಾಕ್ಟರ್ ಕಸಿಯಿತು. ಪೀಠೋಪಕರಣ ಅವನ ಎರಡನೆಯ ಆಸರೆ. ಅದೂ ಕೈತಪ್ಪಿ, ಬೇರೆಡೆ ಕತ್ತರಿಸಿ ತಂದ ಹಲಗೆಗೆ ತಿರುಪು ಬಿಗಿಯುವ ದಿನಗೂಲಿಯಾಗಿ ಅವನು ಉಳಿದರೆ, ಉಳಿ ಹಿಡಿಯುವ ವಿದ್ಯೆ ಮುಂದಿನ ತಲೆಮಾರಿಗೆ ದಾಟದು.

2023ರ ಸೆಪ್ಟೆಂಬರ್ 17ರಂದು ಆರಂಭಗೊಂಡ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಸೇರಿದೆ. ಉಪಕರಣಗಳಿಗೆ 15 ಸಾವಿರ ರೂಪಾಯಿ ನೆರವು, ತರಬೇತಿಯ ದಿನಗಳಿಗೆ 500 ರೂಪಾಯಿ ಭತ್ಯೆ, ಶೇ 5ರ ಬಡ್ಡಿಗೆ ಎರಡು ಕಂತುಗಳಲ್ಲಿ 3 ಲಕ್ಷ ರೂಪಾಯಿವರೆಗೆ ಸಾಲ ಅದರ ಸೌಲಭ್ಯಗಳು. ಆದರೆ ಕೈಗೆ ಯಂತ್ರ ಬಂದರೆ ಸಾಲದು, ಕೆಲಸವೂ ಬರಬೇಕು. ಶಾಲೆ, ಅಂಗನವಾಡಿ, ಪಂಚಾಯಿತಿ ಕಚೇರಿಗಳ ಬೆಂಚು, ಮೇಜುಗಳನ್ನು ತಾಲೂಕಿನ ಬಡಿಗರ ಸಂಘಗಳಿಂದಲೇ ಮಾಡಿಸುವ ಬಗ್ಗೆ ಸ್ಥಳೀಯ ಆಡಳಿತ ಯೋಚಿಸಬಹುದು. ನಕ್ಷೆ ಓದುವ, ಕಂಪ್ಯೂಟರಿನಲ್ಲಿ ವಿನ್ಯಾಸ ತೋರಿಸುವ ಕಲೆಯನ್ನು ಬಡಿಗರ ಮಕ್ಕಳಿಗೆ ಕಲಿಸಿದರೆ, ಬಡಿಗನೂ ವಿನ್ಯಾಸಕನೂ ಒಬ್ಬನೇ ಆಗುವುದು ಅಸಾಧ್ಯವೇನಲ್ಲ.

ಚಿತ್ರ ಯಾವ ಊರಿನದಾದರೂ ಇರಲಿ. ಕಟ್ಟಿಗೆ ಯಾವುದು, ಕೈ ಯಾರದು ಎಂಬ ತೀರ್ಮಾನ ಮನೆಯೊಡೆಯನ ಕೈಯಲ್ಲಿದೆ. ಹೊಸ ಮನೆಗೆ ಮುಂಗಡ ಕೊಡುವ ಮುನ್ನ ಊರಿನ ಬಡಿಗನನ್ನೂ ಒಮ್ಮೆ ಕರೆಸಿ ಕೇಳುವುದು ಮನೆಗೂ ಊರಿಗೂ ಲೇಸು.