ಬಂದೂಕಿನ ಬಾಯಿಗಲ್ಲ, ಕಿವಿಗೆ ಬಿರಡೆ ಬೇಕು

ದೇವದುರ್ಗದ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಬೆಳೆ ಕಾಯಲು ಪರವಾನಗಿ ಪಡೆದ ಬಂದೂಕು ಅವರ ಮನೆಯಲ್ಲಿ ಬಹಳ ವರ್ಷಗಳಿಂದ ಇದೆ. ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಆಗಾಗ ಹಾರಿಸುತ್ತಾರೆ. ಈಚೆಗೆ ಎಡಗಿವಿಯಲ್ಲಿ ಹಗಲು ರಾತ್ರಿ ‘ಕುಂಯ್’ ಎಂಬ ಸದ್ದು. ಟಿ.ವಿ. ಜೋರಾಯಿತೆಂದು ಮನೆಯವರ ದೂರು. ‘ಮೋಟಾರ್ ಸೈಕಲ್ಲಿಗೆ ಸೈಲೆನ್ಸರ್ ಇರುವಂತೆ ಬಂದೂಕಿನ ಬಾಯಿಗೂ ಏನೇನೋ ಸಿಗುತ್ತದಂತೆ. ಯಾವುದನ್ನು ಹಾಕಿಸಲಿ?’ ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ರಾಯಚೂರಿನ ಬ್ಯಾಂಕುಗಳ ಬಾಗಿಲಲ್ಲಿ ಜೋಡಿನಳಿಗೆ ಹಿಡಿದು ನಿಲ್ಲುವ ಕಾವಲುಗಾರರು, ಗುರಿ ಅಭ್ಯಾಸ ಮಾಡುವ ಪೊಲೀಸರು, ಎನ್‌ಸಿಸಿ ಶಿಬಿರಕ್ಕೆ ಹೋಗುವ ನಮ್ಮ ಮಕ್ಕಳು ಎಲ್ಲರಿಗೂ ಸೇರಿದ್ದು. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬಂದೂಕಿನ ಬಾಯಿಯ ಚಿಂತೆ ಬಿಡಿ, ನಿಮ್ಮ ಕಿವಿಯ ಚಿಂತೆ ಮಾಡಿ.

ಒಂದೇ ಏಟು ಸಾಕು

ಸದ್ದನ್ನು ಅಳೆಯುವ ಮಾನ ಡೆಸಿಬಲ್. ನಾವು ಮಾತನಾಡುವುದು ಸುಮಾರು 60 ಡೆಸಿಬಲ್. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇದ್ದರೆ ಕಿವಿಗೆ ಕೇಡು. ರೈಫಲ್ ಅಥವಾ 12 ಬೋರ್ ಬಂದೂಕಿನ ಸದ್ದು ಹಾರಿಸುವವನ ಕಿವಿಯ ಬಳಿ 150 ಡೆಸಿಬಲ್ ದಾಟುತ್ತದೆ. ಇದು ಸಾಮಾನ್ಯ ಲೆಕ್ಕವಲ್ಲ. ಪ್ರತಿ 10 ಡೆಸಿಬಲ್ ಏರಿದಾಗ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಇಂಥ ಸಿಡಿತದ ಸದ್ದು ದೊಡ್ಡವರಿಗೆ 140, ಮಕ್ಕಳಿಗೆ 120 ಡೆಸಿಬಲ್ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಅಂಗವಿದೆ. ಅದರೊಳಗೆ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳು. ಗಾಳಿಗೆ ಜೋಳದ ಪೈರು ತೂಗುವಂತೆ ಇವು ಸದ್ದಿಗೆ ತೂಗುತ್ತವೆ. ಬಿರುಗಾಳಿ ಬಂದರೆ ಪೈರು ನೆಲಕಚ್ಚುತ್ತದೆ. ಪೈರನ್ನಾದರೂ ಮುಂದಿನ ವರ್ಷ ಬಿತ್ತಬಹುದು, ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಜೋರು ಸದ್ದಿಗೆ ಬಿಗಿದುಕೊಂಡು ಕಿವಿಯನ್ನು ಕಾಯುವ ಪುಟ್ಟ ಸ್ನಾಯುವೊಂದು ಇದೆ, ನಿಜ. ಆದರೆ ಅದು ಎಚ್ಚೆತ್ತು ಬಿಗಿಯುವಷ್ಟರಲ್ಲಿ ಗುಂಡಿನ ಸದ್ದು ಒಳಗೆ ಹೋಗಿ ಮುಗಿದಿರುತ್ತದೆ.

ಎಡಗಿವಿಗೇ ಏಕೆ ಎಂದು ಓದುಗರು ಕೇಳಬಹುದು. ಬಲಗೈಯವರು ಕೆನ್ನೆಯನ್ನು ಹಿಡಿಗೆ ಒತ್ತಿ ಗುರಿ ಇಡುವಾಗ ಎಡಗಿವಿ ನಳಿಗೆಯ ಬಾಯಿಯತ್ತ ತಿರುಗಿರುತ್ತದೆ. ಬಲಗಿವಿ ತಲೆಯ ಮರೆಯಲ್ಲಿ ಅಷ್ಟಿಷ್ಟು ಬಚಾವಾಗುತ್ತದೆ.

ನಳಿಗೆಯ ಬಾಯಿಗೆ ಏನೇನು?

ಬಾಯಿಗೆ ತಿರುಪಿ ಕೂರಿಸುವ ಸಾಧನಗಳಲ್ಲಿ ಹಲವು ಬಗೆ. ಒಂದು, ಮಜಲ್ ಬ್ರೇಕ್. ಇದು ಅನಿಲವನ್ನು ಪಕ್ಕಕ್ಕೂ ಹಿಂದಕ್ಕೂ ಚಿಮ್ಮಿಸಿ ಭುಜಕ್ಕೆ ಬೀಳುವ ಹೊಡೆತವನ್ನು ಕಡಿಮೆ ಮಾಡುತ್ತದೆ. ಆದರೆ ಹಾರಿಸುವವನಿಗೂ ಪಕ್ಕದವನಿಗೂ ಸದ್ದು ಇನ್ನಷ್ಟು ಹೆಚ್ಚು. ಭುಜ ಉಳಿಸಲು ಹೋಗಿ ಕಿವಿ ಕಳೆದುಕೊಂಡಂತೆ. ಎರಡನೆಯದು ಬೆಂಕಿಯ ಮಿಂಚನ್ನು ಮರೆಮಾಡುತ್ತದೆಯೇ ಹೊರತು ಸದ್ದನ್ನಲ್ಲ. ಮೂರನೆಯದು ಸದ್ದನ್ನು ಮುಂದಕ್ಕೆ ತಳ್ಳುವ ಕೊಳವೆ. ಹಿಂದಿರುವವನಿಗೆ ತುಸು ಹಗುರ ಅನ್ನಿಸಬಹುದು, ಕಿವಿ ಬರಿದಾಗಿ ಇಟ್ಟುಕೊಳ್ಳುವಷ್ಟು ಹಗುರವಲ್ಲ.

ನಾಲ್ಕನೆಯದೇ ಸೈಲೆನ್ಸರ್. ಇದರ ಹಿಂದೆ ಒಂದು ಕುಟುಂಬದ ಕಥೆಯಿದೆ. 1884ರಲ್ಲಿ ಮೆಷಿನ್ ಗನ್ ಕಂಡುಹಿಡಿದ ಹಿರಂ ಮ್ಯಾಕ್ಸಿಂ ತಮ್ಮ ಬಂದೂಕುಗಳ ಸದ್ದಿನಿಂದಲೇ ಕಿವುಡರಾದರು. ಅವರ ಮಗ ಹಿರಂ ಪರ್ಸಿ ಮ್ಯಾಕ್ಸಿಂ 1909ರಲ್ಲಿ ಬಂದೂಕಿನ ಸೈಲೆನ್ಸರ್‌ಗೆ ಪೇಟೆಂಟ್ ಪಡೆದರು. ಆದರೆ ಇದೂ ಸಿನಿಮಾದಲ್ಲಿ ತೋರಿಸುವಂತೆ ‘ಪುಸ್’ ಎನ್ನುವುದಿಲ್ಲ. ಸುಮಾರು 20ರಿಂದ 30 ಡೆಸಿಬಲ್ ಇಳಿಯುತ್ತದೆ ಅಷ್ಟೆ. ಗುಂಡು ಶಬ್ದವೇಗ ಮೀರಿ ಓಡುವಾಗಿನ ಚಟಾರ್ ಸದ್ದು ಹಾಗೇ ಉಳಿಯುತ್ತದೆ.

ಮೇಲಾಗಿ ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮಗಳು ಸದ್ದು ಅಥವಾ ಮಿಂಚು ಕುಗ್ಗಿಸುವ ಸಾಧನಗಳನ್ನು ನಿಷೇಧಿತ ಆಯುಧಗಳ ವರ್ಗದಲ್ಲೇ ಸೇರಿಸಿವೆ. ಬಂದೂಕಿಗೆ ಪರವಾನಗಿ ಇದ್ದ ಮಾತ್ರಕ್ಕೆ ಇವನ್ನು ಇಟ್ಟುಕೊಳ್ಳುವಂತಿಲ್ಲ. ಲೇತಿನವರ ಬಳಿ ಪೈಪು ಕೊರೆಸಿ ಬೆಸುಗೆ ಹಾಕಿಸುವುದಂತೂ ಬೇಡವೇ ಬೇಡ. ಅದು ಅಪರಾಧ, ಜೊತೆಗೆ ಕೂದಲೆಳೆಯಷ್ಟು ಓರೆಯಾದರೂ ಗುಂಡು ಒಳಗೆ ತಾಗಿ ಪೈಪು ಸಿಡಿದೀತು.

ಕಿವಿಗೆ ಏನು?

ಹತ್ತಿ ಬೆಳೆಯುವ ಜಿಲ್ಲೆ ನಮ್ಮದು. ಕಿವಿಗೆ ಹತ್ತಿ ತುರುಕುವುದು ನಮಗೆ ಸುಲಭದ ಉಪಾಯ. ಆದರೆ ಒಣ ಹತ್ತಿ ತಡೆಯುವುದು ಕೆಲವೇ ಡೆಸಿಬಲ್. ಔಷಧದ ಅಂಗಡಿಗಳಲ್ಲಿ ಸ್ಪಂಜಿನಂಥ ಫೋಮ್ ಬಿರಡೆಗಳು ಅಗ್ಗದ ಬೆಲೆಗೆ ಸಿಗುತ್ತವೆ. ಸರಿಯಾಗಿ ಹಾಕಿದರೆ 20ರಿಂದ 30 ಡೆಸಿಬಲ್ ತಗ್ಗಿಸುತ್ತವೆ. ಅಂದರೆ ಹೆಚ್ಚುಕಡಿಮೆ ಸೈಲೆನ್ಸರ್‌ನಷ್ಟೇ ಕೆಲಸ, ಯಾವ ಪರವಾನಗಿಯೂ ಬೇಕಿಲ್ಲ!

ಹಾಕುವ ಕ್ರಮ ಹೀಗೆ: ಕೈ ತೊಳೆದು, ಬಿರಡೆಯನ್ನು ಬತ್ತಿಯಂತೆ ಸಣ್ಣಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಬಿರಡೆ ಒಳಗಿಟ್ಟು ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ. ನಿಮ್ಮ ಮಾತು ನಿಮಗೇ ಕೊಡದೊಳಗಿಂದ ಬಂದಂತೆ ಕೇಳಿದರೆ ಸರಿಯಾಗಿ ಕೂತಿದೆ ಎಂದರ್ಥ. ಬಂದೂಕು ಹಾರಿಸುವವರು ಇದರ ಮೇಲೆ ಹೆಡ್‌ಫೋನಿನಂಥ ಕಿವಿಮುಚ್ಚಳವನ್ನೂ ಹಾಕಬೇಕು. ಗೋಡೆಯ ಪಕ್ಕ, ಚಾವಣಿಯ ಕೆಳಗೆ ಹಾರಿಸಬಾರದು. ಮಕ್ಕಳನ್ನು ಹತ್ತಿರ ಬಿಡಲೇಬಾರದು. ಮಾನ್ವಿಯ ಅಕ್ಕಿ ಗಿರಣಿಯಲ್ಲೋ ರಾಯಚೂರಿನ ಜಿನ್ನಿಂಗ್ ಮಿಲ್ಲಿನಲ್ಲೋ ದುಡಿಯುವವರಿಗೂ ಇದೇ ಬಿರಡೆ ಒಳ್ಳೆಯದು.

ತಡಮಾಡಬೇಡಿ

ಸಿಡಿತದ ಬಳಿಕ ಕಿವಿ ಮಂದವಾದರೆ, ಗುಂಯ್ ಎಂದರೆ, ರಕ್ತ ಬಂದರೆ ಬಿಸಿ ಎಣ್ಣೆ, ಬೆಳ್ಳುಳ್ಳಿ ಎಂದು ಏನನ್ನೂ ಹಾಕಬೇಡಿ. ಒಂದೆರಡು ದಿನದೊಳಗೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಿ. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಈ ವಿಭಾಗವಿದೆ. ಬೇಗ ಹೋದರೆ ಚಿಕಿತ್ಸೆಗೆ ಅವಕಾಶ ಹೆಚ್ಚು. ನಮ್ಮ ದೇವದುರ್ಗದ ಓದುಗರೂ ಈ ವಾರವೇ ಶ್ರವಣ ಪರೀಕ್ಷೆ ಮಾಡಿಸಲಿ. ಹೋದದ್ದು ಬಾರದಿರಬಹುದು, ಉಳಿದದ್ದನ್ನು ಕಾಯಬಹುದು.

ಕೊನೆಯದಾಗಿ ಬಂದೂಕು ಕೊಟ್ಟು ಕೆಲಸ ಮಾಡಿಸುವವರಿಗೆ ಒಂದು ಮಾತು. ಕಾವಲುಗಾರನಾಗಲಿ, ಕೆಡೆಟ್ ಆಗಲಿ, ತೋಟಾ ಎಣಿಸಿ ಕೊಡುವ ಕೈ ಕಿವಿಬಿರಡೆಯನ್ನೂ ಎಣಿಸಿ ಕೊಡಲಿ. ಖಾಲಿ ತೋಟಾದ ಲೆಕ್ಕ ಕೇಳುವ ನಾವು ಕಳೆದುಹೋದ ಕಿವಿಯ ಲೆಕ್ಕ ಕೇಳದಿರುವುದು ನ್ಯಾಯವಲ್ಲ. ಕೆಟ್ಟ ಮೇಲೆ ಬುದ್ಧಿ ಬಂದರೆ, ಆ ಬುದ್ಧಿಮಾತು ಕೇಳಿಸಿಕೊಳ್ಳಲು ಕಿವಿಯೇ ಇರುವುದಿಲ್ಲ.