ಗಡ್ಡದ ಬೇರು, ಸರ್ಕಾರದ ಹೊಣೆ

ಈ ವಾರ ನಾವು ಎತ್ತಿಕೊಂಡ ವಿಷಯ ಕಂಡು ಕೆಲವರು ನಕ್ಕಾರು. ಗಂಡಾಗಿ ಹುಟ್ಟಿದರೆಂದು ಬರೆಸಿಕೊಂಡು, ಹೆಣ್ಣಾಗಿ ಬಾಳಲು ಹೊರಟವರ ಮುಖದ ಕೂದಲನ್ನು ಬೇರುಸಹಿತ ತೆಗೆಯುವ ಎಲೆಕ್ಟ್ರಾಲಿಸಿಸ್ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗಬೇಕೆಂಬುದು ನಮ್ಮ ಬೇಡಿಕೆ. ಗಿರಣಿಯ ಕೂಲಿ, ಬೋನಸ್ಸುಗಳ ಮಾತು ಬಿಟ್ಟು ಇದೆಂಥ ಚರ್ಚೆ ಎನ್ನುವವರಿಗೆ ನಮ್ಮ ಉತ್ತರವಿಷ್ಟೆ: ಇದೂ ಕೂಲಿಯ ಪ್ರಶ್ನೆಯೇ.

ಗಿರಣಿಯ ಬಾಗಿಲಲ್ಲಿ ಸೀರೆಯುಟ್ಟು ಕೆಲಸ ಕೇಳುವವಳ ಕೆನ್ನೆಯಲ್ಲಿ ಗಡ್ಡದ ನೆರಳು ಕಂಡರೆ ಮೇಸ್ತ್ರಿ ಅವಳ ತೋಳಬಲ ನೋಡುವುದಿಲ್ಲ. ಬಾಡಿಗೆ ಮನೆಯವನೂ ಮೊದಲು ನೋಡುವುದು ಅದನ್ನೇ. ಕೆಲಸವಿಲ್ಲದವಳು ಅಂಗಡಿಯ ಮುಂದೆ ಕೈಚಾಚುತ್ತಾಳೆ. ಅಂಗಡಿಕಾರ ಮಿತ್ರರು ಹತ್ತು ರೂಪಾಯಿ ಕೊಟ್ಟು ಪೀಡೆ ತೊಲಗಿತೆನ್ನುತ್ತಾರೆ. ಆ ಹತ್ತು ರೂಪಾಯಿಯ ತೆರಿಗೆ ತಮ್ಮ ಮೇಲೆ ಬಿದ್ದುದು ಯಾರಿಂದ ಎಂದು ಅವರು ಯೋಚಿಸಬೇಕು.

ಹಾರ್ಮೋನು ಸೇವಿಸಿದರೆ ಗಡ್ಡ ತಾನೇ ಉದುರುವುದೆಂಬ ನಂಬಿಕೆಯುಂಟು. ಅದು ನಿಜವಲ್ಲ. ಮೈಗೂದಲು ತೆಳುವಾದೀತು, ಬೇರುಬಿಟ್ಟ ಗಡ್ಡ ಹೋಗದು. ಮಂಗಳಮುಖಿಯರ ಹಳೆಯ ಸಾಧನವೆಂದರೆ ಚಿಮುಟ. ಅದರಿಂದ ಕಿತ್ತರೆ ನೋವು, ಕೀವುಗುಳ್ಳೆ. ಕಿತ್ತದ್ದು ಮತ್ತೆ ಬರುತ್ತದೆ.

1875ರಲ್ಲಿ ಅಮೆರಿಕದ ಸೇಂಟ್ ಲೂಯಿಯ ಕಣ್ಣಿನ ವೈದ್ಯ ಚಾರ್ಲ್ಸ್ ಮಿಷೆಲ್, ಕಣ್ಣುಗುಡ್ಡೆಗೆ ಚುಚ್ಚುವ ರೆಪ್ಪೆಗೂದಲು ತೆಗೆಯಲು ಈ ವಿಧಾನವನ್ನು ಪ್ರಕಟಿಸಿದರು. ಕೂದಲ ಬುಡಕ್ಕೆ ನವಿರಾದ ಸೂಜಿ ಇಳಿಸಿ ಅಲ್ಪ ಕರೆಂಟು ಹರಿಸಿದರೆ ಅಲ್ಲಿನ ಉಪ್ಪುನೀರಿನಿಂದ ಕಾಸ್ಟಿಕ್ ಸೋಡ ಹುಟ್ಟಿ ಬೇರನ್ನು ಸುಡುತ್ತದೆ. ಬೇಕಾಗುವ ಕರೆಂಟು ಆಂಪಿಯರಿನ ಸಾವಿರದಲ್ಲೊಂದು ಪಾಲಿನ ಆಸುಪಾಸು. ಪಾವಗಡದ ತಿರುಮಣಿ ಸುತ್ತಿನ ರೈತರು ಭೂಮಿ ಗುತ್ತಿಗೆ ಕೊಟ್ಟು 2,050 ಮೆಗಾವ್ಯಾಟಿನ ಸೌರ ಪಾರ್ಕು ಎದ್ದಿದೆ. ನಮಗೆ ಬೇಕಾಗಿರುವುದು ವಿದ್ಯುತ್ತಲ್ಲ, ಸೂಜಿ ಹಿಡಿಯಲು ಕಲಿತ ಕೈ.

ಇದು ಒಂದು ದಿನದ ಕೆಲಸವಲ್ಲ. ಕೂದಲು ಸಾವಿರಾರು, ಒಂದೊಂದಕ್ಕೂ ಸೂಜಿ. ಎಲ್ಲವೂ ಒಮ್ಮೆಗೇ ಬೆಳೆಯುವುದಿಲ್ಲವಾದ್ದರಿಂದ ವರ್ಷ, ಎರಡು ವರ್ಷ ಸುತ್ತಬೇಕು. ಇನ್ನೊಂದು ಕಷ್ಟ ಹೊರಗಿನವರಿಗೆ ಹೊಳೆಯುವುದೇ ಇಲ್ಲ: ಸೂಜಿಗೆ ಸಿಗಲು ಕೂದಲು ಕಾಣುವಷ್ಟಾದರೂ ಬೆಳೆದಿರಬೇಕು. ಗಡ್ಡ ಮರೆಸಲು ಬದುಕು ಸವೆಸುವವಳು ಪ್ರತಿ ಸಲವೂ ಎರಡು ಮೂರು ದಿನ ಗಡ್ಡ ಬಿಟ್ಟೇ ಇರಬೇಕು. ಆ ದಿನಗಳಲ್ಲಿ ಅವಳು ಕೆಲಸಕ್ಕೆ ಹೋಗುವುದು ಹೇಗೆ? ಕುರುಚಲು ಗಡ್ಡದಲ್ಲಿ ಪಾವಗಡದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಕೂರುವುದು ಹೇಗೆ? 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿನ ಟಿಕೆಟ್ಟನ್ನು ಅವರಿಗೂ ಮನ್ನಾ ಮಾಡಿತು, ಸಂತೋಷ. ಹೋದ ಕೂಲಿಯನ್ನು ಯಾರು ತುಂಬಿಕೊಟ್ಟರು?

ಲೇಸರ್ ಇದಕ್ಕಿಂತ ಬೇಗ. ಆದರೆ ಅದು ಕೂದಲಿನ ಕಪ್ಪನ್ನು ಹುಡುಕಿ ಸುಡುವ ಯಂತ್ರ. ನರೆತ ಕೂದಲಿಗೆ ನಾಟದು. ನಮ್ಮಂಥ ಕಪ್ಪು ಮೈಬಣ್ಣಕ್ಕೆ ತಕ್ಕ ಯಂತ್ರವೂ ಬಲ್ಲ ಕೈಯೂ ಇಲ್ಲದಿದ್ದರೆ ಚರ್ಮವೇ ಸುಟ್ಟೀತು. ನಲವತ್ತು ದಾಟಿದವರಿಗೆ ಕೊನೆಗೆ ಸೂಜಿಯೇ ಗತಿ.

ಗಡ್ಡವಿದ್ದ ಮಾತ್ರಕ್ಕೆ ಹೆಣ್ಣುತನ ಕಡಿಮೆಯೆಂದು ನಾವು ಹೇಳುತ್ತಿಲ್ಲ. ಲಿಂಗದ ಗುರುತಿಗೆ ಶಸ್ತ್ರಚಿಕಿತ್ಸೆಯ ಷರತ್ತು ಸಲ್ಲದೆಂದು ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದೇ ತೀರ್ಪಿತ್ತಿತು. ಬೇಡವೆನ್ನುವವರು ಬಿಡಲಿ, ಬೇಕೆನ್ನುವವರಿಗೆ ಸಿಗಲಿ. ಹಣವಂತರು ನಗರದ ಖಾಸಗಿ ಕ್ಲಿನಿಕ್ಕಿನಲ್ಲಿ ಕೊಳ್ಳುವುದನ್ನೇ ಬಡವಿ ಕೇಳಿದರೆ ಅದು ‘ಸೌಂದರ್ಯ’ದ ಶೋಕಿಯಾಗುತ್ತದೆ!

2019ರಲ್ಲಿ ಸಂಸತ್ತು ಮಾಡಿದ ಕಾಯಿದೆಯ 15ನೇ ಕಲಮಿನಲ್ಲಿ ಶಸ್ತ್ರಚಿಕಿತ್ಸೆ, ಹಾರ್ಮೋನುಗಳ ಜೊತೆಗೆ ಲೇಸರ್ ಚಿಕಿತ್ಸೆಯ ಖರ್ಚನ್ನೂ ವಿಮೆಗೆ ಸೇರಿಸಬೇಕೆಂದು ಬರೆದರು. ಅಂದರೆ ಗಡ್ಡ ತೆಗೆಯುವುದು ಶೋಕಿಯಲ್ಲವೆಂದು ಶಾಸನವೇ ಒಪ್ಪಿದಂತಾಯಿತು. ಎಲೆಕ್ಟ್ರಾಲಿಸಿಸ್ಸಿನ ಹೆಸರು ಮಾತ್ರ ಅಲ್ಲಿಲ್ಲ. ‘ಇತರ ಆರೋಗ್ಯ ಸಮಸ್ಯೆ’ಗಳ ಸಾಲಿನಲ್ಲಿ ಅದನ್ನು ಹುಡುಕಿಕೊಳ್ಳಬೇಕು. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇವರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಆಯುಷ್ಮಾನ್ ವಿಮೆ ಘೋಷಿಸಿತು. ವಿಮೆಯ ಕಾರ್ಡು ಸೂಜಿ ಹಿಡಿಯುವುದಿಲ್ಲ.

ಆದ್ದರಿಂದ ನಾವು ಆಗ್ರಹಪಡಿಸುವುದಿಷ್ಟು. ನಾಲ್ಕು ತಾಲ್ಲೂಕಿಗೂ ಉಪವಿಭಾಗ ಕೇಂದ್ರವಾದ ಮಧುಗಿರಿಯ ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೆರಡು ದಿನ, ಚರ್ಮವೈದ್ಯರ ಉಸ್ತುವಾರಿಯಲ್ಲಿ, ಒಬ್ಬೊಬ್ಬರಿಗೂ ಹೊಸ ಸೂಜಿಯಿಂದ ಈ ಚಿಕಿತ್ಸೆ ಉಚಿತವಾಗಿ ನಡೆಯಬೇಕು. ಸೂಜಿ ಹಿಡಿಯುವ ಕೆಲಸಕ್ಕೆ ಆ ಸಮುದಾಯದವರನ್ನೇ ಆರಿಸಿ, ತರಬೇತಿ ಕೊಟ್ಟು, ಸಂಬಳದ ಮೇಲೆ ನೇಮಿಸಬೇಕು. ನಾಲ್ಕೂ ಕ್ಷೇತ್ರಗಳ ಶಾಸಕರು ಇದಕ್ಕೆ ಬಜೆಟ್ಟಿನಲ್ಲಿ ಹಣ ಕೇಳಲಿ. ಗಿರಣಿ ಕಾರ್ಮಿಕ ಸಂಘಗಳು ತಮ್ಮ ಮುಂದಿನ ಬೇಡಿಕೆ ಪತ್ರದಲ್ಲಿ ಇದನ್ನೂ ಒಂದು ಕಲಮಾಗಿ ಸೇರಿಸಲಿ.