ಮಿಶ್ರಬೋಧನೆಯೂ ಕೈಪಳಗಿಕೆಯೂ

ಕೇಳಿದ ಮಾತ್ರಕ್ಕೆ ವಿದ್ಯೆ ಕರಗತವಾಗುವಂತಿದ್ದರೆ ಗುರುಸನ್ನಿಧಿಯಲ್ಲಿ ವರ್ಷಗಟ್ಟಲೆ ನಿಂತು ಕಲಿಯುವ ಪದ್ಧತಿಯೇ ಬೇಕಿರಲಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ನಿಮಿತ್ತ ಕಾಲೇಜುಗಳು ಮುಚ್ಚಿದಾಗ ಪಾಠಗಳು ಮೊಬೈಲಿನ ಮೂಲಕ ಸಾಗಿದವು, ಅದು ಆಪದ್ಧರ್ಮ. ಮರುವರ್ಷದ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಹೊರಡಿಸಿದ ಕರಡು ಟಿಪ್ಪಣಿಯು, ಪ್ರತಿಯೊಂದು ವಿಷಯದಲ್ಲಿಯೂ ನೂರಕ್ಕೆ 40ರವರೆಗಿನ ಬೋಧನೆಯನ್ನು ಅಂತರ್ಜಾಲದ ಮೂಲಕವೂ ಉಳಿದುದನ್ನು ತರಗತಿಯಲ್ಲಿಯೂ ನಡೆಸಬಹುದೆಂದು ಸೂಚಿಸಿತು. ಆಪದ್ಧರ್ಮವು ನಿತ್ಯಧರ್ಮವಾಗುವ ಹಾದಿ ಹಿಡಿಯಿತು.

ಇದಕ್ಕೆ ಹೌಹಾರಬೇಕಾದುದಿಲ್ಲ. ಹಿಂದಿನ ಸಂಸ್ಕೃತ ಪಾಠಶಾಲೆಗಳಲ್ಲಿಯೂ ವಿದ್ಯಾರ್ಥಿಯು ಪಾಠವನ್ನು ರಾತ್ರಿಯೇ ನೋಡಿಕೊಂಡು, ಸಹಪಾಠಿಗಳೊಡನೆ ಚಿಂತನೆ ನಡೆಸಿ, ಉಳಿದ ಸಂದೇಹಗಳೊಡನೆ ಬೆಳಗ್ಗೆ ಗುರುವಿನೆದುರು ಕೂಡುತ್ತಿದ್ದುದುಂಟು. ಇಂದು ಪುಸ್ತಕದ ಜೊತೆಗೆ ಗಾಜಿನ ಪರದೆಯೊಂದು ಬಂದಿದೆ, ಅಷ್ಟೆ. ಹತ್ತು ಸಲ ಕೇಳಿದರೂ ಬೇಸರಿಸದ ಗುಣ ಅದಕ್ಕಿದೆಯೆಂಬುದನ್ನು ಒಪ್ಪಲೇಬೇಕು.

ಆದರೆ ಕನ್ನಡ ಎಂ.ಎ. ವಿದ್ಯಾರ್ಥಿಯೊಬ್ಬನ ಮುಂದೆ ಓಲೆಗರಿಯೊಂದನ್ನು ಇಟ್ಟು ನೋಡಬೇಕು. ಪದಗಳ ನಡುವೆ ತೆರಪಿಲ್ಲ. ಅನೇಕ ಪ್ರತಿಗಳಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಬೇರೆ ಬೇರೆ ಗುರುತೂ ಇಲ್ಲ. ಹ್ರಸ್ವವೋ ದೀರ್ಘವೋ ಎಂಬುದನ್ನು ಅರ್ಥ ನೋಡಿ, ಕಂದಪದ್ಯವಾದರೆ ನಾಲ್ಕು ಮಾತ್ರೆಯ ಗಣಗಳನ್ನು ಎಣಿಸಿ, ನಿರ್ಣಯಿಸಬೇಕು. ಛಂದಸ್ಸಿನ ಲಕ್ಷಣವನ್ನು ವಿಡಿಯೋದಲ್ಲಿ ಕೇಳಿ ಬಾಯಿಪಾಠ ಮಾಡಿದವನೂ ಇಲ್ಲಿ ತಡವರಿಸುತ್ತಾನೆ. ಅವನು ಎಡವಿದುದು ಲಿಪಿಯಲ್ಲಿಯೋ, ಸಂಧಿಯಲ್ಲಿಯೋ, ಲಯದಲ್ಲಿಯೋ ಎಂಬುದನ್ನು ಪಕ್ಕದಲ್ಲಿ ಕುಳಿತ ಅಧ್ಯಾಪಕನು ಒಡನೆಯೇ ಗುರುತಿಸಿ ತಿದ್ದುತ್ತಾನೆ. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಬ್ಯುರೆಟ್ಟಿನಿಂದ ಹನಿ ಬಿಡುವ ಕೈಗೂ ಇದೇ ನ್ಯಾಯ.

ಆದುದರಿಂದ ಈ ಕ್ರಮದ ಯೋಗ್ಯತೆಯನ್ನು 40ರ ಪಾಲಿನಿಂದಲ್ಲ, 60ರ ಪಾಲಿನಿಂದ ಅಳೆಯಬೇಕು. ಪರದೆಯಲ್ಲಿ ಹೇಳಿದುದನ್ನೇ ತರಗತಿಯಲ್ಲಿ ಮತ್ತೆ ಟಿಪ್ಪಣಿಯಾಗಿ ಬರೆಸಿದರೆ ಮಿಶ್ರಣವೆಲ್ಲಿ ಬಂತು? ಧ್ವನಿಮುದ್ರಿತ ಪಾಠವಿದೆಯಲ್ಲ ಎಂದು ಅಧ್ಯಾಪಕರ ಹುದ್ದೆಯನ್ನೇ ಖಾಲಿ ಬಿಟ್ಟರಂತೂ ಕೇಳುವುದೇ ಬೇಡ. ಪಟ್ಟಣದ ಸಿರಿವಂತ ಕಾಲೇಜು ಆ ನಷ್ಟವನ್ನು ಹೇಗೋ ತುಂಬಿಕೊಂಡೀತು. ಹಳ್ಳಿಯಿಂದ ಬಸ್ಸು ಹಿಡಿದು ಬರುವ, ಮನೆಯಲ್ಲಿ ಒಂದೇ ಮೊಬೈಲನ್ನು ಮೂವರು ಹಂಚಿಕೊಳ್ಳುವ ವಿದ್ಯಾರ್ಥಿನಿಗೆ ತರಗತಿಯ ಆ ಒಂದು ಗಂಟೆಯೇ ಬಂಡವಾಳ.

ವಿದ್ಯಾಸಂಸ್ಥೆಗಳಿಗೆ ದಾನಿಗಳು ಗಣಕಯಂತ್ರಗಳನ್ನು ಕೊಡುತ್ತಿರುವುದು ಸ್ತುತ್ಯರ್ಹವಾದುದು. ಹತ್ತು ಹನ್ನೆರಡು ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡಿಸಿ ತಿದ್ದುವ ಅಧ್ಯಾಪಕರೊಬ್ಬರ ವೇತನಕ್ಕೂ ದತ್ತಿಯಿಡುವವರು ಈಗ ಬೇಕಾಗಿದ್ದಾರೆ.